ಇಳಿಯಲು ಕಲಿಯದ ಕಾರು

"ಎಲ್ಲರೂ ಎರಡು ಹೆಜ್ಜೆ ಹಿಂದೆ ನಿಂತ್ಕೊಳ್ಳಿ! ವಿಜ್ಞಾನಕ್ಕೆ ಸ್ವಲ್ಪ ಜಾಗ ಬೇಕು!" ಎಂದು ಮೌನೇಶಾಚಾರ್ ಕೂಗಿದರು.

ಭದ್ರಾವತಿಯ ಆ ಬೀದಿಯ ಜನ ಎರಡಲ್ಲ, ಎಂಟು ಹೆಜ್ಜೆ ಹಿಂದೆ ಸರಿದರು. ಅವರಿಗೆ ಅನುಭವವಿತ್ತು. ಹೋದ ವರ್ಷ ಆಚಾರ್ ಮಾಡಿದ ಕಾಯಿ ತುರಿಯುವ ಯಂತ್ರ ಕಾಯಿಯ ಜೊತೆಗೆ ಅಡುಗೆಮನೆ ಕಟ್ಟೆಯನ್ನೂ ಒಂದು ಗೇಣು ತುರಿದಿತ್ತು. ಅದಕ್ಕೂ ಹಿಂದಿನ ಸೊಳ್ಳೆ ಓಡಿಸುವ ಯಂತ್ರದ ಸದ್ದಿಗೆ ಸೊಳ್ಳೆಗಳು ಹೋಗಲಿಲ್ಲ, ಔಟ್‌ಹೌಸಿನ ಬಾಡಿಗೆಯವರು ಹೋದರು.

ಆಚಾರ್ ಅವರ ಹೆಂಡತಿ ಸರ್ವಮಂಗಳಮ್ಮ ಮಾತ್ರ ಗೇಟಿನ ಬಳಿ ಸೌಟು ಹಿಡಿದು ನಿಂತಲ್ಲೇ ನಿಂತಿದ್ದರು. ಮೂವತ್ತೊಂದು ವರ್ಷದ ಸಂಸಾರದಲ್ಲಿ ಅವರಿಗೆ ಒಂದು ಸತ್ಯ ತಿಳಿದಿತ್ತು. ಗಂಡನ ಯಂತ್ರ ಯಾವ ಕಡೆಗೆ ಸಿಡಿಯುತ್ತದೆಂದು ಮೊದಲೇ ಹೇಳಲು ಬರುವುದಿಲ್ಲ, ಆದ್ದರಿಂದ ಓಡಿ ಪ್ರಯೋಜನವಿಲ್ಲ.

ಇವತ್ತು ವಿಜ್ಞಾನ ಹೊಕ್ಕಿದ್ದು ಕಾರಿನೊಳಕ್ಕೆ. ಹಳೆಯ ಕಾರು. ಎಷ್ಟು ಹಳೆಯದೆಂದರೆ ಅದನ್ನು ಕೊಂಡಾಗ ಆಚಾರ್ ತಲೆಯಲ್ಲಿ ಕೂದಲಿತ್ತು. ಕಬ್ಬಿಣದ ಕಾರ್ಖಾನೆಯ ಲೋಹ ಪರೀಕ್ಷೆ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದ ಕಾಲದಿಂದಲೂ ಅವರು ಗುಜರಿಯಲ್ಲಿ ಕಂಡ ಕಬ್ಬಿಣದ ತುಂಡನ್ನೆಲ್ಲ ಕೊಂಡು ಡಿಕ್ಕಿಯ ಎಡಮೂಲೆಗೆ ತುಂಬುತ್ತಿದ್ದರು. ತುಂಬಿ ತುಂಬಿ ಹಿಂದಿನ ಎಡಗಡೆಯ ಸ್ಪ್ರಿಂಗ್ ಸೋತು ಕೂತಿತ್ತು. ನಿಂತ ಕಾರನ್ನು ನೋಡಿದರೆ ಹಿಂಗಾಲು ಮಡಚಿ ಇನ್ನೇನು ಮಲಗಲು ಹೊರಟ ಎಮ್ಮೆಯ ನೆನಪಾಗುತ್ತಿತ್ತು. ರಸ್ತೆಯಲ್ಲಿ ಹಂಪ್ ಬಂದರೆ ಹೊಟ್ಟೆ ಉಜ್ಜಿಕೊಂಡು 'ಕರ್ರ್' ಎನ್ನುತ್ತಿತ್ತು.

ಆ 'ಕರ್ರ್' ಎರಡು ವರ್ಷದ ಹಿಂದೆ ಸರ್ವಮಂಗಳಮ್ಮನವರ ನೆಮ್ಮದಿಯನ್ನೂ ಉಜ್ಜಿಹಾಕಿತ್ತು. ಅವರ ಅಕ್ಕ ಗಾಯತ್ರಮ್ಮ ತರೀಕೆರೆಯಿಂದ ಇದೇ ಕಾರಿನಲ್ಲಿ ಬರುತ್ತಿದ್ದರು. ಧಾರಾಳ ಮನಸ್ಸಿನ, ಅದಕ್ಕಿಂತ ಧಾರಾಳ ಮೈಕಟ್ಟಿನ ಹೆಂಗಸು. ಕೂತಿದ್ದು ಹಿಂದಿನ ಸೀಟಿನ ಎಡಕ್ಕೆ. ಹಂಪ್ ಬಂತು, ಕಾರು ಕರ್ರ್ ಎಂದಿತು. ಆಚಾರ್ ಹಿಂತಿರುಗಿ, ಶುದ್ಧ ವೈಜ್ಞಾನಿಕ ಮನೋಭಾವದಿಂದ, "ಅತ್ತಿಗೆ, ಒಂಚೂರು ಬಲಕ್ಕೆ ಜರುಗ್ತೀರಾ? ಭಾರವೆಲ್ಲ ಒಂದೇ ಕಡೆ ಬಿದ್ದಿದೆ" ಎಂದರು.

ಅತ್ತಿಗೆ ಬಲಕ್ಕೆ ಜರುಗಿದರು. ಜರುಗಿ, ಬಲಗಡೆಯ ಬಾಗಿಲು ತೆಗೆದು, ಇಳಿದು, ಎದುರಿಗೆ ಬಂದ ಬಸ್ಸಿಗೆ ಕೈ ಅಡ್ಡ ಹಾಕಿ ವಾಪಸು ತರೀಕೆರೆಗೆ ಹೊರಟುಹೋದರು. "ಈ ಕಾರಿನ ಸೊಟ್ಟ ನೆಟ್ಟಗಾದ ದಿನ ಹೇಳಿ ಕಳಿಸಿ. ಆಗ ಇದರಲ್ಲೇ ಕೂತು ಬರ್ತೀನಿ. ಅಲ್ಲೀವರೆಗೂ ನನ್ನ ಕರೀಬೇಡಿ!" ಎಂಬುದು ಬಸ್ಸಿನ ಮೆಟ್ಟಿಲ ಮೇಲಿಂದ ಬಂದ ಕೊನೆಯ ಮಾತು.

ತಾಯಿಯಿಲ್ಲದ ಸರ್ವಮಂಗಳಮ್ಮನಿಗೆ ಜಡೆ ಹಾಕಿ, ತುತ್ತು ತಿನ್ನಿಸಿ, ಮದುವೆ ಮಾಡಿಸಿದವರು ಆ ಅಕ್ಕ. ಬರುವ ಭಾನುವಾರ ಮಗಳು ಸಿಂಚನಳ ನಿಶ್ಚಿತಾರ್ಥ. ಮನೆಯ ತಾರಸಿಯ ಮೇಲೆ ಶಾಮಿಯಾನಕ್ಕೆ ಹೇಳಿಯಾಗಿತ್ತು, ಅಡುಗೆಯವರಿಗೆ ಹೇಳಿಯಾಗಿತ್ತು. ಅಕ್ಕನಿಗೆ ಫೋನು ಮಾಡಿದರೆ ಮಾತ್ರ, "ಕಾರು ನೆಟ್ಟಗಾಯ್ತಾ?" ಎಂಬ ಒಂದೇ ಪ್ರಶ್ನೆ.

ಮೆಕ್ಯಾನಿಕ್ ಖಲೀಲ್ ಸಾಬರು ದಾರಿ ಹೇಳಿದ್ದರು. "ಸಾರ್, ಸ್ಪ್ರಿಂಗ್ ಯಾವತ್ತೂ ಜೋಡೀಲಿ ಬದಲಾಯಿಸ್ಬೇಕು. ಹಿಂದೆ ಎರಡು, ಮುಂದೆ ಎರಡು, ಹೊಸದು ತರಿಸ್ತೀನಿ. ಬೆಳಿಗ್ಗೆ ಕಾರು ಬಿಟ್ರೆ ಮಧ್ಯಾಹ್ನ ಊಟದ ಹೊತ್ತಿಗೆ ನೆಟ್ಟಗೆ ನಿಂತಿರುತ್ತೆ."

"ಹೊಸ ಸ್ಪ್ರಿಂಗ್ ಯಾರು ಬೇಕಾದ್ರೂ ಹಾಕ್ತಾರೆ ಸಾಬ್ರೇ! ನಾಲ್ಕು ವರ್ಷಕ್ಕೆ ಅದೂ ಸೋಲುತ್ತೆ. ನನಗೆ ಬೇಕಾಗಿರೋದು ಸೋಲದೇ ಇರೋ ಸ್ಪ್ರಿಂಗು!" ಎಂದಿದ್ದರು ಆಚಾರ್.

ಹಾಗೆ ಹೇಳಿ ಎರಡು ವರ್ಷ ಹಿತ್ತಿಲ ಶೆಡ್ಡಿನಲ್ಲಿ ಉಕ್ಕು ಕಾಯಿಸಿದರು, ಸುತ್ತಿದರು, ಎಣ್ಣೆಯಲ್ಲಿ ಅದ್ದಿದರು. ಅವರ ಅಜ್ಜ ಗಾಡಿ ಚಕ್ರಕ್ಕೆ ಪಟ್ಟಿ ಬಿಗಿಯುತ್ತಿದ್ದವರು, ಕುಲುಮೆ ರಕ್ತದಲ್ಲೇ ಇತ್ತು. ಕೊನೆಗೆ ಹುಟ್ಟಿದ್ದು 'ಕಲಿಯುವ ಉಕ್ಕು'. ಅದರಲ್ಲಿ ಸುತ್ತಿದ ನಾಲ್ಕು ಸ್ಪ್ರಿಂಗುಗಳಿಂದ ನಾಲ್ಕು ತಂತಿ ಹೊರಟು ಡ್ಯಾಶ್‌ಬೋರ್ಡಿನ ಮೇಲಿನ ಒಂದು ಸ್ಟೀಲ್ ಡಬ್ಬಿಗೆ ಸೇರುತ್ತಿದ್ದವು. ಡಬ್ಬಿ ಸರ್ವಮಂಗಳಮ್ಮನದೇ. ಮೊನ್ನೆಯವರೆಗೂ ಅದರಲ್ಲಿ ಸಾರಿನ ಪುಡಿ ಇತ್ತು.

"ನೋಡಿ," ಎಂದು ಆಚಾರ್ ಈಗ ಬೀದಿಗೆಲ್ಲ ವಿವರಿಸಿದರು. "ಮಾಮೂಲಿ ಸ್ಪ್ರಿಂಗಿಗೆ ಭಾರ ಬಿದ್ರೆ ಕುಗ್ಗುತ್ತೆ, ಅಷ್ಟೆ. ನನ್ನ ಸ್ಪ್ರಿಂಗು ಪಾಠ ಕಲಿಯುತ್ತೆ! ಎಷ್ಟು ಭಾರ ಬಿತ್ತೋ ಅಷ್ಟು ಶಕ್ತಿ ಬೆಳೆಸ್ಕೊಂಡು ಎದ್ದು ನಿಲ್ಲುತ್ತೆ. ಒಂದು ಮೂಲೆ ಎದ್ದರೆ ಉಳಿದ ಮೂರು ಮೂಲೇನ ಈ ಡಬ್ಬಿ ಸಮಕ್ಕೆ ತರುತ್ತೆ. ತಂಗವೇಲು, ಬನ್ನಿ, ಹತ್ತಿ!"

ಎದುರುಮನೆಯ ತಂಗವೇಲು ನಿವೃತ್ತ ಕ್ರೇನ್ ಆಪರೇಟರ್. ನೂರು ಕಿಲೋ ದಾಟಿ ಎಷ್ಟೋ ದೀಪಾವಳಿ ಆಗಿತ್ತು. ಡಬ್ಬಿಯ ಸ್ವಿಚ್ಚು ಹಾಕುವ ಮೊದಲು ಖಲೀಲ್ ಸಾಬರು ಟೇಪು ಹಿಡಿದು ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಅಳೆದರು. ಬಲಗಡೆ ಹದಿನೈದು ಇಂಚು, ಎಡಗಡೆ ಹನ್ನೆರಡೂವರೆ. ಆಚಾರ್ ಸ್ವಿಚ್ಚು ಹಾಕಿ, ಬಾನೆಟ್ ಮೇಲೆ ಒಂದು ಲೋಟ ಮಜ್ಜಿಗೆ ಇಟ್ಟರು. ತಂಗವೇಲು ಹಿಂದಿನ ಎಡಕ್ಕೆ ಕೂತರು. ಕಾರು ನರಳಿ ಕುಸಿಯಿತು. ಜನ ಇನ್ನೆರಡು ಹೆಜ್ಜೆ ಹಿಂದೆ ಸರಿದರು.

ಆಗ ಡಬ್ಬಿ 'ಗುಂಯ್' ಎಂದಿತು. ಕುಸಿದ ಮೂಲೆ ಮೆಲ್ಲಗೆ, ಬಸುರಿ ಹೆಂಗಸು ಚಾಪೆಯಿಂದ ಏಳುವ ಹಾಗೆ, ಎದ್ದಿತು. ಎದ್ದು ಸಮಕ್ಕೆ ನಿಂತಿತು! ಖಲೀಲ್ ಸಾಬರು ನಾಲ್ಕೂ ಚಕ್ರ ಅಳೆದು ಕಣ್ಣುಜ್ಜಿಕೊಂಡರು.

"ಹದಿನೈದು, ಹದಿನೈದು, ಹದಿನೈದು, ಹದಿನೈದು! ಆಚಾರ್ ಸಾರ್, ಇದು ಜಾದೂ!"

ಬೀದಿಯಲ್ಲಿ ಚಪ್ಪಾಳೆ ಬಿತ್ತು. ಮಜ್ಜಿಗೆ ಒಂದು ಹನಿಯೂ ಚೆಲ್ಲಿರಲಿಲ್ಲ. ಸರ್ವಮಂಗಳಮ್ಮನಿಗೂ ಎದೆ ತುಂಬಿ ಬಂತು. ಆದರೂ ಮೂವತ್ತೊಂದು ವರ್ಷದ ಅನುಭವ ಒಂದು ಪ್ರಶ್ನೆ ಕೇಳಿಸಿಯೇ ಬಿಟ್ಟಿತು.

"ರೀ, ಏರೋದು ನೋಡಿದ್ವಿ. ಇದು ಇಳಿಯೋದು ಹೇಗೆ?"

"ಇಳಿಯೋದೇನು ದೊಡ್ಡ ವಿದ್ಯೆ ಮಂಗಳಾ? ಭೂಮಿ ಎಳೀತಾ ಇರುತ್ತಲ್ಲ!"

ತಂಗವೇಲು ಕಾರಿನಿಂದ ಇಳಿದರು. ಅವರ ಭಾರ ಹೊತ್ತು ನಿಲ್ಲಲು ಕಲಿತಿದ್ದ ಎಡಮೂಲೆಗೆ ಈಗ ಹೊರಲು ಏನೂ ಇರಲಿಲ್ಲ. ಅದು 'ಟಂಯ್' ಎಂದು ಮೇಲೆ ಹಾರಿತು. ಮಜ್ಜಿಗೆ ಖಲೀಲ್ ಸಾಬರ ಗಡ್ಡಕ್ಕೆ ಹೋಯಿತು. ಡಬ್ಬಿ ಗುಂಯ್‌ಗುಟ್ಟಿ ಉಳಿದ ಮೂರು ಮೂಲೆಗಳನ್ನೂ ಅದೇ ಎತ್ತರಕ್ಕೆ ಏರಿಸಿ ಸಮ ಮಾಡಿತು.

ಸಾಬರು ಗಡ್ಡ ಒರೆಸಿಕೊಂಡು ಮತ್ತೆ ಅಳೆದರು. "ಹದಿನೇಳೂವರೆ ಸಾರ್. ನಾಲ್ಕೂ."

"ಇನ್ನೂ ಒಳ್ಳೇದೇ ಆಯ್ತು! ಇನ್ಮೇಲೆ ಹಂಪಿಗೆ ಹೊಟ್ಟೆ ತಾಗಲ್ಲ!" ಎಂದರು ಆಚಾರ್.

ಸರ್ವಮಂಗಳಮ್ಮ ಒಳಗೆ ಹೋಗಿ ಅಕ್ಕನಿಗೆ ಫೋನು ಮಾಡಿದರು. "ಅಕ್ಕಾ, ಕಾರು ನೆಟ್ಟಗಾಯ್ತು." ಅದು ಸುಳ್ಳಾಗಿರಲಿಲ್ಲ. ಆದರೂ ಹೇಳುವಾಗ ನಾಲಿಗೆ ಯಾಕೋ ಸ್ವಲ್ಪ ತಡವರಿಸಿತು.

*

ಸೋಮವಾರ ಮಾರ್ಕೆಟ್ಟಿಗೆ ಹೋಗಿ ಎರಡು ಮೂಟೆ ಅಕ್ಕಿ, ಒಂದು ಮೂಟೆ ಈರುಳ್ಳಿ ತಂದರು. ಮೂಟೆ ಇಳಿಸಿದ ಕೂಡಲೇ ಕಾರು ನಾಲ್ಕು ಇಂಚು ಏರಿತು. ಮಂಗಳವಾರ ಅಡುಗೆಯವರ ಹಂಡೆ, ಕೊಳದಪ್ಪಲೆ ತಂದರು. ಆರು ಇಂಚು. ಇಷ್ಟೇ ಆಗಿದ್ದರೆ ಭಾರ ಹಾಕದೆ ಇರಬಹುದಿತ್ತು. ಆದರೆ ರಸ್ತೆಯ ಗುಂಡಿಗೆ ಚಕ್ರ ಇಳಿದರೂ ಸ್ಪ್ರಿಂಗಿಗೆ ಏಟು ಬೀಳುತ್ತಿತ್ತು, ಸ್ಪ್ರಿಂಗು ಅದನ್ನೂ ಕಲಿಯುತ್ತಿತ್ತು. ಪಾಠಕ್ಕೆ ನಮ್ಮ ರಸ್ತೆಗಳಲ್ಲಿ ಏನು ಕೊರತೆ! ಬುಧವಾರದ ಹೊತ್ತಿಗೆ ಕಾರಿನ ಕೆಳಗೆ ಒಂದು ಹಸು, ಎರಡು ಮೇಕೆ ನೆರಳಿಗೆ ಮಲಗಿ ಮೆಲುಕು ಹಾಕುತ್ತಿದ್ದವು. ಹಸುವಿನ ಕೊಂಬು ಕೂಡ ಎಲ್ಲಿಗೂ ತಾಗುತ್ತಿರಲಿಲ್ಲ.

ಕಾರಿನೊಳಕ್ಕೆ ಹತ್ತಲು ಸರ್ವಮಂಗಳಮ್ಮ ಪೂಜೆಯ ಮಣೆ ಇಟ್ಟು ನೋಡಿದರು, ಆಮೇಲೆ ಸ್ಟೂಲು ಇಟ್ಟರು, ಗುರುವಾರ ಸ್ಟೂಲಿನ ಮೇಲೆ ಮಣೆ ಇಟ್ಟರು. ಇಟ್ಟು, ಸೊಂಟಕ್ಕೆ ಕೈ ಕೊಟ್ಟು ನಿಂತರು.

"ರೀ, ಹಳೇ ಸ್ಪ್ರಿಂಗೇ ವಾಪಸ್ ಹಾಕಿಸಿ. ಸೊಟ್ಟವಾದ್ರೂ ಅದು ಕಾರಾಗಿತ್ತು."

"ಅಕ್ಕನಿಗೆ ನೆಟ್ಟಗಿರೋ ಕಾರು ಬೇಕು ಅಂದಿದ್ದು ನೀನೇ!"

"ನೆಟ್ಟಗೆ ಅಂದೆ. ಎತ್ತರಕ್ಕೆ ಅಂದ್ನಾ?"

"ಆ ಡಬ್ಬೀನ ಕಿತ್ತು ಹಾಕಿದ್ರೆ ಇಳಿಯಲ್ವಾ ಅಪ್ಪ?" ಎಂದು ಸಿಂಚನ ನಡುವೆ ಬಂದಳು.

"ಡಬ್ಬಿ ಬರೀ ಮೇಷ್ಟ್ರು ಕಣಮ್ಮ. ಪಾಠ ಉಕ್ಕಿನೊಳಗೆ ಇಳಿದುಬಿಟ್ಟಿದೆ. ಮೇಷ್ಟ್ರು ರಿಟೈರ್ ಆದ್ರೆ ಮಕ್ಕಳು ಕಲ್ತಿದ್ದು ಮರೀತಾರಾ?"

"ಮರೀತಾರೆ ಕಣ್ರಿ. ಪರೀಕ್ಷೆ ಮಾರನೇ ದಿನವೇ ಮರೀತಾರೆ. ನೀವೊಬ್ರು ಮರೆಯದೇ ಇರೋ ದಡ್ಡನ್ನ ಹುಟ್ಟಿಸಿದ್ದೀರಿ!" ಎಂದರು ಸರ್ವಮಂಗಳಮ್ಮ.

ಕೊನೆಗೆ ಖಲೀಲ್ ಸಾಬರು ಬಂದರು. ಸ್ಪ್ರಿಂಗನ್ನು ಎರಡು ಕಡೆ ಕೊಕ್ಕೆಯಲ್ಲಿ ಹಿಡಿದು, ಸ್ಕ್ರೂ ತಿರುಗಿಸಿ ಅದುಮುವ ಉಪಕರಣ ತಂದಿದ್ದರು. ಅದುಮಿದರೆ ಕುಗ್ಗುತ್ತದೆ, ಕುಗ್ಗಿದರೆ ಬಿಚ್ಚಬಹುದು ಎಂಬುದು ಲೆಕ್ಕ. ಸಾಬರು ಅದುಮಿದರು. ಸ್ಪ್ರಿಂಗು ಕಲಿಯಿತು. ಇನ್ನೂ ಜೋರಾಗಿ ಅದುಮಿದರು. ಇನ್ನೂ ಚೆನ್ನಾಗಿ ಕಲಿಯಿತು. ಹತ್ತು ನಿಮಿಷಕ್ಕೆ ಆ ಗಟ್ಟಿ ಉಪಕರಣ ಜಿಲೇಬಿಯಾಗಿ ಹೊರಗೆ ಬಂತು, ಕಾರು ಮತ್ತೆ ಒಂದು ಗೇಣು ಏರಿತು.

"ಸಾರ್, ನಲವತ್ತು ವರ್ಷದಿಂದ ಸ್ಪ್ರಿಂಗ್ ಒತ್ತಿದ್ದೀನಿ," ಎಂದರು ಸಾಬರು, ಜಿಲೇಬಿಯನ್ನು ನೋಡುತ್ತ. "ಸ್ಪ್ರಿಂಗು ನನ್ನ ಒತ್ತಿದ್ದು ಇದೇ ಮೊದಲು."

ಸರ್ವಮಂಗಳಮ್ಮನಿಗೆ ಇನ್ನೊಂದು ಹೆದರಿಕೆಯೂ ಇತ್ತು. ಗಂಡಿನ ತಂದೆ ವಿರೂಪಾಕ್ಷಾಚಾರ್ ವಾಹನ ತಪಾಸಣೆಯ ಇನ್‌ಸ್ಪೆಕ್ಟರಾಗಿ ದಾವಣಗೆರೆಯಲ್ಲಿ ನಿವೃತ್ತರಾದವರು. ಹಾರನ್ನಿನ ಶ್ರುತಿ ಸರಿಯಿಲ್ಲವೆಂದು ಸ್ವಂತ ತಮ್ಮನ ಟ್ರ್ಯಾಕ್ಟರನ್ನೇ ಫೇಲ್ ಮಾಡಿದ ಮಹಾನುಭಾವರೆಂದು ಪ್ರತೀತಿ. ಅವರ ಕಣ್ಣಿಗೆ ಈ ಕಾರು ಬಿದ್ದರೆ ಸಂಬಂಧವನ್ನೇ ಫೇಲ್ ಮಾಡಿಬಿಟ್ಟರೆ?

"ಅವರು ಬರೋದು ಹತ್ತೂವರೆಗೆ," ಎಂದರು ಆಚಾರ್. "ನಾವು ಏಳಕ್ಕೆ ಹೊರಟು, ಅತ್ತಿಗೇನ ಕರ್ಕೊಂಡು ಹತ್ತಕ್ಕೆ ವಾಪಸ್. ಕಾರನ್ನ ಹಿಂದಿನ ಬೀದೀಲಿ ನಿಲ್ಲಿಸಿಬಿಟ್ರೆ ಯಾರಿಗೆ ಗೊತ್ತಾಗುತ್ತೆ?"

"ಈ ಎತ್ತರಕ್ಕೆ ಹಿಂದಿನ ಬೀದೀಲಿ ನಿಲ್ಲಿಸಿದ್ರೂ ಮುಂದಿನ ಬೀದಿಗೆ ಕಾಣುತ್ತೆ," ಎಂದರು ಸರ್ವಮಂಗಳಮ್ಮ.

*

ಭಾನುವಾರ ಬೆಳಿಗ್ಗೆ ತರೀಕೆರೆ ತಲುಪುವಾಗ ಕಾರು ಲಾರಿಯಷ್ಟು ಎತ್ತರವಾಗಿತ್ತು. ಬ್ರೇಕಿನ ಪೈಪು ಸಾಲದೆ ಬಂದೀತೆಂದು ಆಚಾರ್ ಮೊದಲೇ ಊಹಿಸಿ ಇಪ್ಪತ್ತು ಮಾರು ಪೈಪನ್ನು ಸುರುಳಿ ಸುತ್ತಿಟ್ಟಿದ್ದರು. ಇಷ್ಟೆಲ್ಲ ಮುಂದಾಲೋಚನೆ ಇರುವ ಮನುಷ್ಯನಿಗೆ ಇಳಿಯುವ ಯೋಚನೆಯೊಂದು ಹೊಳೆಯಲಿಲ್ಲವಲ್ಲ ಎಂದು ಸರ್ವಮಂಗಳಮ್ಮ ದಾರಿಯುದ್ದಕ್ಕೂ ಅಚ್ಚರಿಪಟ್ಟರು.

ಗಾಯತ್ರಮ್ಮ ರೇಷ್ಮೆ ಸೀರೆಯುಟ್ಟು, ಕೈಯಲ್ಲಿ ಕೊಡೆ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಕಾರನ್ನು ಕಂಡು ಅವರ ಹುಬ್ಬು ಮೇಲೇರಿತು. ಆದರೆ ಮಾತು ಅಂದರೆ ಮಾತು. ನಾಲ್ಕು ಸುತ್ತು ಬಂದು, ಒಂದು ಕಣ್ಣು ಮುಚ್ಚಿ, ಕೊಡೆಯನ್ನು ಅಡ್ಡ ಹಿಡಿದು ಮಟ್ಟ ನೋಡಿದರು.

"ನೆಟ್ಟಗಿದೆ," ಎಂದು ಒಪ್ಪಿಕೊಂಡರು. "ಆದ್ರೆ ಆಚಾರ್ರೇ, ನಾನು ಹತ್ತೋದು ಹೇಗೆ? ತೆಂಗಿನ ಮರ ಹತ್ತೋರನ್ನ ಕರೆಸ್ತೀರಾ?"

"ಏಣಿ ಕಟ್ಕೊಂಡು ಬಂದಿದ್ದೀನಿ ಅತ್ತಿಗೆ!"

ಏಣಿ ಹಾಕಿ, ಮೇಲಿನಿಂದ ಸರ್ವಮಂಗಳಮ್ಮ ಎಳೆದು, ಕೆಳಗಿನಿಂದ ನೆರೆಯ ಮೂವರು ಹೆಂಗಸರು ದಬ್ಬಿ, ಗಾಯತ್ರಮ್ಮನವರನ್ನು ಹಿಂದಿನ ಸೀಟಿಗೆ ಸೇರಿಸಿದ್ದಾಯಿತು. ಎಡಕ್ಕೇ ಕೂತರು. ಡಬ್ಬಿ ಗುಂಯ್ ಎಂದಿತು. ಕಾರು ಒಂಚೂರೂ ವಾಲಲಿಲ್ಲ. ಅಕ್ಕನ ಮುಖದಲ್ಲಿ ಎರಡು ವರ್ಷದ ನಂತರ ಮೊದಲ ನಗು ಮೂಡಿದ್ದನ್ನು ಸರ್ವಮಂಗಳಮ್ಮ ಓರೆಗಣ್ಣಿನಲ್ಲಿ ನೋಡಿದರು.

"ಇನ್ನೇನು, ಹೊರಡೋಣ್ವಾ?" ಎಂದರು ಆಚಾರ್.

"ತಾಳ್ರಿ! ಹುಡುಗಿಗೆ ಉಡುಗೊರೆ ಇದೆ. ಅದನ್ನೂ ಹತ್ತಿಸಿ."

ಉಡುಗೊರೆ ಒಂದು ಒರಳುಕಲ್ಲು. "ಮಿಕ್ಸೀಲಿ ರುಬ್ಬಿದ್ದು ಒಂದು ಚಟ್ನೀನಾ?" ಎಂಬ ಅಭಿಪ್ರಾಯದ ಗಾಯತ್ರಮ್ಮ ಒಳ್ಳೆಯ ಕರಿಕಲ್ಲಿನಲ್ಲಿ ಹೇಳಿ ಮಾಡಿಸಿದ್ದರು. ನಾಲ್ಕು ಜನ ಹೊತ್ತು ತಂದು ಹಗ್ಗ ಕಟ್ಟಿ ಎಳೆದರು. ಆಚಾರ್ ಮುಖ ಬಿಳುಚಿತು. ಆದರೂ ಭಾರದ ವಿಷಯ ಬಾಯಿಬಿಟ್ಟರೆ ಏನಾಗುತ್ತದೆಂದು ಈ ಬಾರಿ ಅವರಿಗೆ ಗೊತ್ತಿತ್ತು. ಬಾಯಿ ಮುಚ್ಚಿಕೊಂಡು ಗೇರು ಹಾಕಿದರು.

ದಾರಿಯಲ್ಲಿ ಹಂಪಿಗೊಂದು ಪಾಠ, ಗುಂಡಿಗೊಂದು ಪಾಠ. ಕಾರು ಒಂದೊಂದೇ ತರಗತಿ ಪಾಸಾಗುತ್ತ ಮೇಲೇರಿತು. ಬಾರಂದೂರಿನ ಹತ್ತಿರ ಒಂದು ಬಸ್ಸು ಪಕ್ಕಕ್ಕೆ ಬಂದಾಗ ಬಸ್ಸಿನ ಕಿಟಕಿ, ಕಾರಿನ ಕಿಟಕಿ ಎರಡೂ ಒಂದೇ ಮಟ್ಟದಲ್ಲಿದ್ದವು. ಕಿಟಕಿಯಲ್ಲಿ ಕೂತಿದ್ದ ಹೆಂಗಸೊಬ್ಬಳು, "ಎಲ್ಲಿಗಮ್ಮಾ?" ಎಂದಳು. "ನಿಶ್ಚಿತಾರ್ಥಕ್ಕೆ ಕಣವ್ವ," ಎಂದರು ಗಾಯತ್ರಮ್ಮ. ಒಂದು ಮೈಲಿಯವರೆಗೆ ಇಬ್ಬರೂ ಹುಡುಗ ಏನು ಓದಿದ್ದಾನೆ, ಎಷ್ಟು ಜನ ಅಣ್ಣತಮ್ಮಂದಿರು ಎಂದೆಲ್ಲ ಮಾತಾಡಿಕೊಂಡರು. ಒಂದು ಮೊಳ ಹೂವು ಆ ಕಡೆಯಿಂದ ಬಂತು, ನಾಲ್ಕು ಕೋಡುಬಳೆ ಈ ಕಡೆಯಿಂದ ಹೋದವು. ಕಂಡಕ್ಟರ್ ಅಭ್ಯಾಸಬಲದಿಂದ ಗಾಯತ್ರಮ್ಮನವರ ಕಡೆಗೂ ಕೈ ಚಾಚಿ, "ಟಿಕೆಟ್ ಟಿಕೆಟ್" ಎಂದ!

ಮುಂದಿನ ಗುಂಡಿ ದಾಟಿದ ಮೇಲೆ ಬಸ್ಸಿನ ತಲೆಯಷ್ಟೇ ಕಂಡಿತು.

"ಮಂಗಳಾ," ಎಂದರು ಗಾಯತ್ರಮ್ಮ ಮೆಲ್ಲಗೆ, ಮುಂದಿನ ಸೀಟಿಗೆ ಕೇಳದ ಹಾಗೆ. "ನಿನ್ನ ಗಂಡ ಎರಡು ವರ್ಷ ಕೂತು ಇದನ್ನ ನನಗೋಸ್ಕರ ಮಾಡಿದ್ನಾ?"

"ಹೂಂ ಅಕ್ಕ. ನಲವತ್ಮೂರು ಸಲ ಸುತ್ತಿ ಬಿಚ್ಚಿದಾರೆ. ಕೈಯೆಲ್ಲ ಬೊಬ್ಬೆ."

"ತಪ್ಪಾಯ್ತು ಅತ್ತಿಗೆ ಅಂದಿದ್ರೆ ಎರಡು ನಿಮಿಷದಲ್ಲಿ ಮುಗೀತಿತ್ತಲ್ಲೇ!"

"ಅದು ಅವರಿಗೆ ಬರಲ್ಲ ಅಕ್ಕ. ಬರೋದು ಇದೊಂದೇ."

ಗಾಯತ್ರಮ್ಮ ಕಿಟಕಿಯಾಚೆ, ಕೆಳಗೆ, ದೂರ ದೂರದವರೆಗೆ ಹಬ್ಬಿದ ಗದ್ದೆಗಳನ್ನು ನೋಡಿದರು. ತಂಗಿಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡರು. ಅದು ಪ್ರೀತಿಗೋ, ಎತ್ತರ ಕಂಡು ತಲೆ ತಿರುಗಿದ್ದಕ್ಕೋ ಸರ್ವಮಂಗಳಮ್ಮನಿಗೆ ತಿಳಿಯಲಿಲ್ಲ.

ಊರ ಬಾಗಿಲಲ್ಲಿ ರಸ್ತೆಗೆ ಅಡ್ಡ ಕಟ್ಟಿದ್ದ ಬಟ್ಟೆಯ ಬ್ಯಾನರೊಂದು ಎದುರಾಯಿತು. ಯಾರೋ ಮುಖಂಡರ ಹುಟ್ಟುಹಬ್ಬದ ಶುಭಾಶಯ. ಅದರ ಕೆಳಗೆ ಲಾರಿ ಬಸ್ಸುಗಳೆಲ್ಲ ಸರಾಗವಾಗಿ ಹೋಗುತ್ತಿದ್ದವು. ಆಚಾರ್ ಬ್ರೇಕು ಒತ್ತುವಷ್ಟರಲ್ಲಿ ಬ್ಯಾನರು ಗಾಜಿಗೆ ಅಂಟಿಕೊಂಡಿತು. ಗಾಯತ್ರಮ್ಮ ಕಿಟಕಿಯಿಂದ ಕೊಡೆ ಚಾಚಿ ಅದನ್ನು ಪಕ್ಕಕ್ಕೆ ಸರಿಸದಿದ್ದರೆ ಮುಖಂಡರೂ ನಿಶ್ಚಿತಾರ್ಥಕ್ಕೆ ಬರುತ್ತಿದ್ದರು.

*

ಮನೆ ಮುಂದೆ ನಿಂತಾಗ ಹನ್ನೊಂದು ಗಂಟೆ. ಮುಹೂರ್ತ ಹನ್ನೊಂದೂವರೆಗೆ. ಬೀಗರು ಆಗಲೇ ಬಂದು ತಾರಸಿಯ ಶಾಮಿಯಾನದಲ್ಲಿ ಕೂತು ಪಾನಕ ಕುಡಿಯುತ್ತಿದ್ದರು. ಗದ್ದಲ ಕೇಳಿ ಎಲ್ಲರೂ ಮೋಟುಗೋಡೆಗೆ ಬಂದು ಬಗ್ಗಿದರು. ಬಗ್ಗಿದವರಿಗೆ, ಗೋಡೆಯಿಂದ ಮೂರೇ ಅಡಿ ಕೆಳಗೆ ಕಾರಿನ ಕಿಟಕಿ, ಕಿಟಕಿಯಲ್ಲಿ ಗಾಯತ್ರಮ್ಮನವರ ತುರುಬು, ತುರುಬಿನಲ್ಲಿ ಬಸ್ಸಿನ ಹೆಂಗಸು ಕೊಟ್ಟ ಹೂವು ಕಂಡವು.

"ದೊಡ್ಡಮ್ಮಾ!" ಎಂದು ಸಿಂಚನ ಚೀರಿದಳು.

"ಬಂದೆ ಕಂದಾ!" ಎಂದರು ಗಾಯತ್ರಮ್ಮ. "ಬಂದೆ ಅಂದ್ರೆ ಇಲ್ಲೀವರೆಗೆ ಬಂದೆ."

ಕಟ್ಟಿ ತಂದಿದ್ದ ಏಣಿ ಇಳಿಸಿ ನೋಡಿದರು. ನೆಲಕ್ಕೆ ಇನ್ನೂ ಒಂದಾಳು ಎತ್ತರ ಉಳಿಯಿತು. ಕೆಳಗೆ ತಂಗವೇಲು ಪರಿಸ್ಥಿತಿಯನ್ನು ಕೈಗೆ ತೆಗೆದುಕೊಂಡರು. "ಭಾರ ಹಾಕಿದ್ರೆ ಇಳಿಯುತ್ತೆ ಸಾರ್! ಬನ್ನಿ ಎಲ್ಲಾರೂ, ಹಗ್ಗ ಹಾಕಿ ಜೋತ್ಕೊಳ್ಳಿ!"

"ಬೇಡ! ಬೇಡ ತಂಗವೇಲು! ಅದು ಕಲಿಯುತ್ತೆ!" ಎಂದು ಆಚಾರ್ ಕಿಟಕಿಯಿಂದ ಕೂಗಿದ್ದು ಓಲಗದ ಸದ್ದಿನಲ್ಲಿ ಮುಳುಗಿತು. ಬಂಪರಿಗೆ ಹಗ್ಗ ಬಿಗಿದು ಎಂಟು ಜನ ಜೋತುಬಿದ್ದರು. ಖಲೀಲ್ ಸಾಬರೂ ಹಳೆಯ ಸೇಡು ತೀರಿಸಿಕೊಳ್ಳಲು ಸೇರಿಕೊಂಡರು. ಕಾರು ಒಂದು ಅಡಿ ಇಳಿಯಿತು. ಜನ ಹೋ ಎಂದರು.

ಡಬ್ಬಿ 'ಗುಂಯ್' ಎಂದಿತು.

ಎಂಟು ಜನರ ಭಾರದ ಪಾಠವನ್ನು ಕಾರು ಒಂದೇ ಏಟಿಗೆ ಕಲಿತು ಏರತೊಡಗಿತು. ಜೋತವರು ನೆಲ ಬಿಟ್ಟು ಮೇಲೆದ್ದರು. ಒಬ್ಬೊಬ್ಬರಾಗಿ ಕೈಬಿಟ್ಟು ಬೀದಿಬದಿಯ ಮರಳಿನ ರಾಶಿಗೆ ಬಿದ್ದರು. ಒಬ್ಬೊಬ್ಬರು ಬಿದ್ದಾಗಲೂ ಹಗುರವಾದ ಕಾರು ಒಂದೊಂದು ಗೇಣು ಏರಿತು. ಕೊನೆಗೆ ತಂಗವೇಲು 'ಅಯ್ಯೋ ಮುರುಗಾ' ಎಂದು ಬಿದ್ದಾಗ ಕಾರಿನ ಬಾಗಿಲು ತಾರಸಿಯ ಮೋಟುಗೋಡೆಗೆ ಸರಿಯಾಗಿ ಬಂದು ನಿಂತಿತು. ಅಳತೆ ಹಿಡಿದು ಕಟ್ಟಿದ ಹಾಗೆ!

ಗಾಯತ್ರಮ್ಮ ಬಾಗಿಲು ತೆಗೆದರು. ಸೆರಗು ಸರಿಮಾಡಿಕೊಂಡು, ಆನೆಯ ಅಂಬಾರಿಯಿಂದ ಇಳಿಯುವ ಮಹಾರಾಣಿಯ ಗತ್ತಿನಲ್ಲಿ ಗೋಡೆಯ ಮೇಲೆ ಕಾಲಿಟ್ಟು, ನಾಲ್ಕು ಕೈಗಳ ಆಸರೆಯಲ್ಲಿ ತಾರಸಿಗೆ ಇಳಿದರು. ಸಿಂಚನ ಹೋಗಿ ತಬ್ಬಿಕೊಂಡಳು. ಅವರ ಹಿಂದೆಯೇ ಸರ್ವಮಂಗಳಮ್ಮ ಇಳಿದರು. ಅಕ್ಕ, ಮಗಳು ಇಬ್ಬರನ್ನೂ ಒಟ್ಟಿಗೆ ಕಂಡು ಅವರ ಕಣ್ಣು ಮಂಜಾಯಿತು. ಆ ಮಂಜಿನಲ್ಲಿ, ಒಂದು ವಿಷಯ ಮರೆತಿದ್ದೇವಲ್ಲ ಎಂದು ಅವರಿಗೆ ಹೊಳೆಯುವುದಕ್ಕೂ ಬೆನ್ನ ಹಿಂದೆ 'ಟಂಯ್' ಎಂದು ಸದ್ದಾಗುವುದಕ್ಕೂ ಸರಿಹೋಯಿತು.

ಇಬ್ಬರು ಹೆಂಗಸರ ಭಾರ ಕಳೆದುಕೊಂಡ ಕಾರು, ಆಚಾರ್ ಮತ್ತು ಒರಳುಕಲ್ಲಿನ ಸಮೇತ, ಶಾಮಿಯಾನ ದಾಟಿ ಇನ್ನೂ ಹತ್ತಡಿ ಮೇಲಕ್ಕೆ ಹೋಗಿ ನಿಂತಿತು.

"ಮಂಗಳಾ," ಎಂಬ ಸಣ್ಣ ದನಿ ಆಕಾಶದಿಂದ ಬಂತು. "ನಾನು ಇಲ್ಲೇ ಇದ್ದೀನಿ."

"ಕಾಣ್ತಾ ಇದೆ ಕಣ್ರಿ. ಇಡೀ ಊರಿಗೇ ಕಾಣ್ತಾ ಇದೆ!"

ಪುರೋಹಿತರು ಗಡಿಯಾರ ನೋಡಿದರು. "ಮುಹೂರ್ತ ಮೀರಬಾರದು. ಹೆಣ್ಣಿನ ತಂದೆ ತಾಂಬೂಲ ಬದಲಾಯಿಸ್ಬೇಕು. ಅವರನ್ನ ಇಳಿಸೋಕಾಗುತ್ತಾ?"

"ಅದೊಂದು ಬಿಟ್ಟು ಬೇರೆ ಏನಾದ್ರೂ ಕೇಳಿ," ಎಂದರು ಸರ್ವಮಂಗಳಮ್ಮ.

ಆಗ ಗಂಡಿನ ತಂದೆ ವಿರೂಪಾಕ್ಷಾಚಾರ್ ಕುರ್ಚಿಯಿಂದ ಎದ್ದರು. ಅವರು ಮೋಟುಗೋಡೆಯ ಬಳಿ ಬಂದು ಕನ್ನಡಕ ಏರಿಸಿ, ಕಾರನ್ನು ಮುಂದಿನಿಂದ ನೋಡಿದರು. ಪಕ್ಕದಿಂದ ನೋಡಿದರು. ಜೇಬಿನಿಂದ ಹಳೆಯ ಅಭ್ಯಾಸದ ಪುಟ್ಟ ನೋಟ್‌ಬುಕ್ಕು ತೆಗೆದು ಏನೋ ಗೀಚಿದರು. ಇಡೀ ಸಂಬಂಧ ಆ ಪೆನ್ಸಿಲಿನ ತುದಿಯಲ್ಲಿ ತೂಗುತ್ತಿತ್ತು.

"ಬೀಗರೇ!" ಎಂದು ಅವರು ಆಕಾಶಕ್ಕೆ ಕೂಗಿದರು. "ಮೂವತ್ನಾಲ್ಕು ವರ್ಷ ಸರ್ವೀಸು ಮಾಡಿದೆ. ಹೊಸ ಗಾಡಿ ನೋಡಿದೆ, ಹಳೇ ಗಾಡಿ ನೋಡಿದೆ. ಒಂದಲ್ಲ ಒಂದು ಮೂಲೆ ಒಂದು ದಾರದಷ್ಟಾದ್ರೂ ತಗ್ಗಿರೋದು. ನಾಲ್ಕೂ ಮೂಲೆ ಇಷ್ಟು ಖಡಕ್ಕಾಗಿ ಒಂದೇ ಮಟ್ಟಕ್ಕಿರೋ ಗಾಡಿ ಇದೇ ಮೊದ್ಲು!"

"ಹಾಗಾದ್ರೆ... ಪಾಸಾ?" ಎಂದರು ಸರ್ವಮಂಗಳಮ್ಮ.

"ಸ್ಪ್ರಿಂಗು ಪಾಸು ತಾಯಿ," ಎಂದು ಅವರು ನೋಟ್‌ಬುಕ್ಕು ಮುಚ್ಚಿದರು. "ಗಾಡಿ ವಿಷಯ ಯಾರಾದ್ರೂ ಕೇಳಿದ್ರೆ ನಾನು ಈ ಊರಿಗೇ ಬಂದಿಲ್ಲ ಅಂತ ಹೇಳಿ. ಎಲ್ಲಿ, ಮಾವಿನಕಾಯಿ ಕೀಳೋ ದೋಟಿ ಇದೆಯಾ?"

ಹಿತ್ತಿಲಿನಿಂದ ದೋಟಿ ಬಂತು. ಅದರ ಬಲೆಯಲ್ಲಿ ಎರಡೂ ಕಡೆಯ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಜೊತೆಗೆ ಅಕ್ಷತೆ ಇಟ್ಟು ವಿರೂಪಾಕ್ಷಾಚಾರ್ ಮೇಲಕ್ಕೆ ಚಾಚಿದರು. ಆಚಾರ್ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಬೀಗರದ್ದನ್ನು ತೆಗೆದುಕೊಂಡು, ತಮ್ಮ ತಾಂಬೂಲವನ್ನು ಅದೇ ದೋಟಿಯಲ್ಲಿ ಇಳಿಸಿದರು. ಮಂತ್ರ ಕೆಳಗಿನಿಂದ ಮೇಲೆ ಹೋಯಿತು, ಅಕ್ಷತೆ ಮೇಲಿನಿಂದ ಕೆಳಗೆ ಬಂತು. ಹುಡುಗ ಹುಡುಗಿ ತಲೆಯೆತ್ತಿ ನಮಸ್ಕಾರ ಮಾಡಿದರು. ಆಕಾಶದಿಂದ ಆಶೀರ್ವಾದ ಪಡೆದ ಜೋಡಿ ಎಂದು ಪುರೋಹಿತರು ಸಂತೋಷಪಟ್ಟರು.

ಊಟಕ್ಕೆ ಕೂತಾಗ ಗಾಯತ್ರಮ್ಮ ಒಂದು ಎಲೆ ತೊಳೆದು, ತಾವೇ ಹೋಳಿಗೆಗೆ ತುಪ್ಪ ಹಾಕಿ, ಪೊಟ್ಟಣ ಕಟ್ಟಿ ದೋಟಿಯ ಬಲೆಯಲ್ಲಿಟ್ಟರು.

"ಆಚಾರ್ರೇ! ಎರಡು ಹೋಳಿಗೆ ಕಳಿಸ್ತಿದ್ದೀನಿ. ಇನ್ನೆರಡು ಬೇಕಾದ್ರೆ ಹೇಳಿ."

ಕಿಟಕಿಯಿಂದ ಒಂದು ಕೈ ಬಂದು ಪೊಟ್ಟಣ ತೆಗೆದುಕೊಂಡಿತು. ಆಮೇಲೆ, "ಅತ್ತಿಗೆ," ಎಂದರು ಆಚಾರ್. "ಅವತ್ತು ನಾನು ಹಾಗೆ ಅನ್ನಬಾರದಿತ್ತು. ತಪ್ಪಾಯ್ತು."

ಗಾಯತ್ರಮ್ಮ ತಂಗಿಯ ಕಡೆ ತಿರುಗಿದರು. "ನೋಡೇ, ಅದು ಅವರಿಗೆ ಬರಲ್ಲ ಅಂದಿದ್ದೆಯಲ್ಲ. ಇಷ್ಟು ಎತ್ತರಕ್ಕೆ ಹೋದ್ಮೇಲೆ ಬಂತು!"

ಆಚಾರ್‌ರನ್ನು ಮಧ್ಯಾಹ್ನ ಮೂರಕ್ಕೆ ಅಗ್ನಿಶಾಮಕ ದಳದವರು ಉದ್ದನೆಯ ಏಣಿಯಲ್ಲಿ ಇಳಿಸಿದರು. ಅವರು ಇಳಿದ ಮೇಲೆ ಕಾರು ಇನ್ನೂ ಐದಡಿ ಏರಿತೆಂದು ಬೇರೆ ಹೇಳಬೇಕಾಗಿಲ್ಲ. ಒರಳುಕಲ್ಲು ಇಳಿಸುವ ಮಾತನ್ನು ಯಾರೂ ಎತ್ತಲಿಲ್ಲ.

ಒಂದು ತಿಂಗಳಾಯಿತು. ನಾಲ್ಕು ಉದ್ದನೆಯ ಸ್ಪ್ರಿಂಗು ಕಾಲುಗಳ ಮೇಲೆ ಕಾರು ಬೀದಿಯಲ್ಲಿ ನಿಂತೇ ಇದೆ. ಅದರ ಕೆಳಗೆ ಆಟೋದವರು ನೆರಳಿಗೆ ನಿಲ್ಲುತ್ತಾರೆ, ಸೊಪ್ಪಿನ ಹೊನ್ನಮ್ಮ ಅಂಗಡಿ ಹಾಕಿದ್ದಾಳೆ. ಮೊನ್ನೆ ನಗರಸಭೆಯಿಂದ ಒಬ್ಬರು ಬಂದು ಸುತ್ತ ನೋಡಿ, ವಾಹನವೆಂದು ಬರೆಯಲು ಮನಸ್ಸಾಗದೆ, ಅನುಮತಿಯಿಲ್ಲದ ಕಟ್ಟಡವೆಂದು ನಮೂನೆಯೊಂದನ್ನು ಕೊಟ್ಟು ಹೋದರು. ಆಚಾರ್ ಜಗಲಿಯಲ್ಲಿ ಕೂತು, ಕನ್ನಡಕ ಹಾಕಿಕೊಂಡು, ಒಂದೊಂದೇ ಸಾಲು ತುಂಬಿದರು. ಒಂದು ಪ್ರಶ್ನೆಗೆ ಬಂದು ಪೆನ್ನು ನಿಂತಿತು.

"ಮಂಗಳಾ, 'ಎಷ್ಟು ಮಹಡಿ' ಅಂತ ಕೇಳಿದಾರೆ. ಏನು ಬರೀಲಿ?"

ಸರ್ವಮಂಗಳಮ್ಮ ಸೊಪ್ಪು ಬಿಡಿಸುತ್ತಲೇ ಒಮ್ಮೆ ಮೇಲೆ ನೋಡಿದರು.

"ಸದ್ಯಕ್ಕೆ ಎರಡು. ಯಾರಾದ್ರೂ ಹತ್ತಿ ಇಳಿದ್ರೆ ಮೂರು ಅಂತ ಬರೀರಿ."